ದೂರವನ್ನು ಹತ್ತಿರ ತರುವ ಗಾಜು

ಲೆನ್ಸಿನ ಕೊರಳ ಸುತ್ತ ಬರೆದಿರುವ ಅಂಕಿಗಳನ್ನು ಓದಲು ಕಲಿಯುವುದಕ್ಕೆ ನಮಗೆ ಒಂದಿಡೀ ಮಳೆಗಾಲ ಬೇಕಾಯಿತು. ನಾವೆಂದರೆ ಶಿವಮೊಗ್ಗದ ಆರು ಜನ. ಉರ್ದು ಶಾಲೆಯ ಮೇಷ್ಟ್ರು, ಮದುವೆ ಫೋಟೊ ತೆಗೆಯುವ ಸ್ಟುಡಿಯೋದ ತಮ್ಮ, ಔಷಧಿ ಅಂಗಡಿಯ ಭಾಯಿ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಆಪಾ, ಅಂಚೆ ಇಲಾಖೆಯಿಂದ ನಿವೃತ್ತರಾದ ಚಾಚಾ, ಜೊತೆಗೆ ಕತೆ ಬರೆಯುವವರೊಬ್ಬರು. ತಿಂಗಳಿಗೆ ತಲಾ ಐನೂರು ರೂಪಾಯಿ ಹಾಕಿ ಹತ್ತು ತಿಂಗಳು ಬಡ್ಡಿಯಿಲ್ಲದ ಚೀಟಿ ನಡೆಸಿದೆವು. ಕೈಗೆ ಬಂದದ್ದು ಮೂವತ್ತು ಸಾವಿರ. ಅದರಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಒಂದು ಒಳ್ಳೆಯ ಜೂಮ್ ಲೆನ್ಸ್ ಕೊಳ್ಳಬೇಕೆಂಬುದು ಠರಾವು.

ಕಾರಣವಿತ್ತು. ಊರಿನಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಅಲ್ಲಿ ತುಂಗೆಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡದಾದ ನಡುಗಡ್ಡೆಯಿದೆ. ಜುಲೈಯಿಂದ ಅಕ್ಟೋಬರಿನವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಮೇಷ್ಟ್ರ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ನೋಡಿಯೇ ಇರಲಿಲ್ಲ. ಅವರ ಪುಸ್ತಕದಲ್ಲಿ ಬಗುಲಾ ಎಂಬ ಪದವಿತ್ತು. ಊರಿನ ಗದ್ದೆಗಳಲ್ಲಿ ಬೆಳ್ಳಕ್ಕಿ ಇತ್ತು. ಎರಡೂ ಒಂದೇ ಎಂದು ಹೇಳುವ ಚಿತ್ರ ಗೋಡೆಯ ಮೇಲೆ ಇರಲಿಲ್ಲ. ಹಕ್ಕಿಯ ಚಿತ್ರ, ಅದರ ಕೆಳಗೆ ಉರ್ದು ಮತ್ತು ಕನ್ನಡದ ಹೆಸರು, ಇಷ್ಟನ್ನು ಶಾಲೆಯ ಗೋಡೆಗೆ ಅಂಟಿಸುವ ಆಸೆ ನಮ್ಮದು. ಸ್ಟುಡಿಯೋದ ತಮ್ಮ ಹೊಸ ಮಿರರ್‌ಲೆಸ್ ಕ್ಯಾಮರಾಕ್ಕೆ ಬದಲಾಗಿದ್ದರಿಂದ ಅವನ ಹಳೆಯ ನಿಕಾನ್ ಡಿ7000 ನಮ್ಮ ಪಾಲಿಗೆ ಬಂತು. 2010ರ ಕ್ಯಾಮರಾ, 16 ಮೆಗಾಪಿಕ್ಸೆಲ್. ಬಾಡಿ ಸಿಕ್ಕಿತು, ಇನ್ನು ಅದಕ್ಕೆ ಕಣ್ಣು ಬೇಕಿತ್ತು.

ಮೊದಲು ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಪ್ರಶ್ನೆ: “ಎಷ್ಟು ಜೂಮ್?” ಈ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿಸುವಂಥದ್ದು ಎಂದು ಆಪಾ ಬಿಡಿಸಿ ಹೇಳಿದರು. ಜೂಮ್ ಎಂದರೆ ಅತಿ ಚಿಕ್ಕ ಮತ್ತು ಅತಿ ದೊಡ್ಡ ಫೋಕಲ್ ಲೆಂತ್‌ಗಳ ನಡುವಿನ ಅನುಪಾತ ಮಾತ್ರ. 18ರಿಂದ 300 ಮಿ.ಮೀ.ವರೆಗೆ ಓಡುವ ಲೆನ್ಸ್ ಹದಿನಾರು ಪಟ್ಟಿಗಿಂತ ಹೆಚ್ಚು ಜೂಮ್; 70ರಿಂದ 200ರವರೆಗೆ ಹೋಗುವುದು ಮೂರು ಪಟ್ಟೂ ಇಲ್ಲ. ಆದರೂ ವೃತ್ತಿಯವರು ಹೆಗಲಿಗೆ ಹಾಕಿಕೊಳ್ಳುವುದು ಎರಡನೆಯದನ್ನೇ. ಒಂದೇ ಕೊಳವೆಯೊಳಗಿನ ಗಾಜುಗಳಿಂದ ವಿಶಾಲ ದೃಶ್ಯವನ್ನೂ ದೂರದ ಹಕ್ಕಿಯನ್ನೂ ತೆಗೆಸಬೇಕೆಂದರೆ ಎಲ್ಲಿಯಾದರೂ ರಾಜಿಯಾಗಲೇಬೇಕು. ಆ ರಾಜಿ ಸಾಮಾನ್ಯವಾಗಿ ಉದ್ದದ ತುದಿಯಲ್ಲಿ, ಅಂದರೆ ನಮಗೆ ಬೇಕಾದ ಕಡೆಯೇ ಕಾಣಿಸಿಕೊಳ್ಳುತ್ತದೆ. ಸ್ಥಿರಚಿತ್ರ ಕ್ಯಾಮರಾಗಳಿಗೆ ಜೂಮ್ ಲೆನ್ಸ್ ಬಂದದ್ದು 1959ರಲ್ಲಿ, ಫೋಕ್ಟ್‌ಲೆಂಡರ್ ಕಂಪನಿಯ 36-82 ಮಿ.ಮೀ. ಜೂಮರ್ ರೂಪದಲ್ಲಿ. ಅಂದಿನಿಂದ ಇಂದಿನವರೆಗೆ ಗಾಜು ಎಷ್ಟೋ ಸುಧಾರಿಸಿದೆ, ಆದರೆ ಈ ಲೆಕ್ಕ ಹಾಗೆಯೇ ಉಳಿದಿದೆ.

ಎಷ್ಟು ದೂರ ಎಟುಕುತ್ತದೆ ಎಂಬುದನ್ನು ಫೋಕಲ್ ಲೆಂತ್ ಮತ್ತು ಸೆನ್ಸರ್ ಸೇರಿ ನಿರ್ಧರಿಸುತ್ತವೆ. ನಮ್ಮ ಡಿ7000ರ ಸೆನ್ಸರ್ 36×24 ಮಿ.ಮೀ.ನ ಪೂರ್ಣ ಅಳತೆಗಿಂತ ಚಿಕ್ಕದು. ಹಾಗಾಗಿ ಅದರಲ್ಲಿ 300 ಮಿ.ಮೀ. ಲೆನ್ಸ್ ಪೂರ್ಣ ಅಳತೆಯ ಕ್ಯಾಮರಾದ 450 ಮಿ.ಮೀ.ನಷ್ಟು ಕಿರಿದಾದ ನೋಟ ಕೊಡುತ್ತದೆ. ಅಂಥದೇ ಕ್ಯಾನನ್ ಬಾಡಿಗಳಲ್ಲಿ ಗುಣಿಸಬೇಕಾದದ್ದು 1.5ರಿಂದಲ್ಲ, 1.6ರಿಂದ. ಹಕ್ಕಿಯ ಚಿತ್ರ ತೆಗೆಯುವವರಿಗೆ ಚಿಕ್ಕ ಸೆನ್ಸರ್ ಒಂದು ರೀತಿಯ ಬರಕತ್ತು.

ನಿಜವಾದ ತಕರಾರು ಎದ್ದದ್ದು ಬೆಳಕಿನ ವಿಷಯದಲ್ಲಿ. ಮಂಡಗದ್ದೆಯ ಹಕ್ಕಿಗಳು ಬರುವುದೇ ಮಳೆಗಾಲದಲ್ಲಿ. ಮಲೆನಾಡಿನ ಆಗಸ್ಟಿನ ಮಧ್ಯಾಹ್ನ ಎಷ್ಟೋ ಸಲ ಮಗ್ರಿಬಿನ ಹೊತ್ತಿನಂತೆ ಇರುತ್ತದೆ. ಅಂಥ ಬೆಳಕಿನಲ್ಲಿ ಲೆನ್ಸಿನ ಎರಡನೆಯ ಅಂಕಿ, ಅಂದರೆ ಎಫ್ ಸಂಖ್ಯೆ, ಮೊದಲನೆಯದಕ್ಕಿಂತ ದೊಡ್ಡದಾಗುತ್ತದೆ. ಫೋಕಲ್ ಲೆಂತನ್ನು ಬೆಳಕು ಹೊಗುವ ಬಾಯಿಯ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 2.8ಕ್ಕೆ ಹೋಲಿಸಿದರೆ ಎಫ್ 5.6 ಒಳಗೆ ಬಿಡುವುದು ಕಾಲುಭಾಗ ಬೆಳಕನ್ನು. ಮೊದಲನೆಯದರಲ್ಲಿ ಸೆಕೆಂಡಿನ 400ನೇ ಒಂದು ಭಾಗದಲ್ಲಿ ಮುಗಿಯುವ ಚಿತ್ರ ಎರಡನೆಯದರಲ್ಲಿ 100ನೇ ಒಂದು ಭಾಗ ಕೇಳುತ್ತದೆ. ಅಷ್ಟರಲ್ಲಿ ಹಕ್ಕಿ ರೆಕ್ಕೆ ಬಡಿದಿರುತ್ತದೆ. ಹಾಗಾದರೆ ಎಲ್ಲರೂ ಎಫ್ 2.8 ಕೊಳ್ಳಬಾರದೇಕೆ? 300 ಮಿ.ಮೀ.ಗೆ ಎಫ್ 2.8 ಬೇಕೆಂದರೆ ಆ ಬಾಯಿ ಸುಮಾರು 107 ಮಿ.ಮೀ. ಅಗಲ ಇರಬೇಕು. ಅಷ್ಟು ದೊಡ್ಡ ಗಾಜಿನ ತೂಕವನ್ನು ಕೈಯೂ ಬೆಲೆಯನ್ನು ಜೇಬೂ ತಡೆಯಬೇಕು. 70-200 ಎಫ್ 2.8 ಲೆನ್ಸ್‌ಗಳೇ ಒಂದೂವರೆ ಕಿಲೋ ಆಸುಪಾಸು ತೂಗುತ್ತವೆ. ದೊಡ್ಡ ಕಂಪನಿಗಳ ಹೊಸ ಮಾದರಿಗಳ ಬೆಲೆ ಲಕ್ಷ ದಾಟಿದೆ. ಮೂವತ್ತು ಸಾವಿರದ ನಮ್ಮ ಚೀಟಿಗೆ ಅದು ಆಕಾಶದ ಚಂದ್ರ.

ಹೀಗೆ ನಾವು ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆವು. ಇದು ಈಗ ಜಾಣರ ದಾರಿಯೂ ಹೌದು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಪೂರ್ಣ ಅಳತೆಯ ಮಿರರ್‌ಲೆಸ್ ಕ್ಯಾಮರಾಗಳಿಗಾಗಿ ಹೊಸ ಮೌಂಟ್ ತಂದ ಮೇಲೆ ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್‌ಗಳನ್ನು ಮಾರಿ ಹೊಸತಕ್ಕೆ ಹೋಗುವವರು ಹೆಚ್ಚಾದರು. ಗಾಜಿಗೇನೂ ವಯಸ್ಸಾಗಿಲ್ಲ, ಫ್ಯಾಷನ್‌ಗೆ ವಯಸ್ಸಾಗಿದೆ. ನಮ್ಮ ಮುಂದೆ ಕೊನೆಗೆ ಉಳಿದದ್ದು ಎರಡು. ಒಂದು, ಹಳೆಯ ನಿಕಾನ್ 80-200 ಎಫ್ 2.8. ಇದು ಸುಮಾರು 1.3 ಕಿಲೋದ ಕಬ್ಬಿಣದ ಗುಂಡಿನಂಥ ಲೆನ್ಸ್. ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಇನ್ನೊಂದು, 2006ರಲ್ಲಿ ಬಂದ 70-300 ಎಫ್ 4.5-5.6 ವಿಆರ್. ಇದರ ತೂಕ 745 ಗ್ರಾಂ, ಕೈನಡುಕಕ್ಕೆ ಮದ್ದು ಇದೆ.

ಮೊದಲನೆಯದರ ಪರವಾಗಿ ತಮ್ಮ ವಕಾಲತ್ತು ವಹಿಸಿದ. “ಬೆಳಕಿಲ್ಲದೆ ಉದ್ದ ತಗೊಂಡು ಏನ್ ಮಾಡ್ತೀರಿ ಚಾಚಾ? 200ರಲ್ಲಿ ತೆಗೆದು ಕತ್ತರಿಸಿದ್ರಾಯ್ತು.” ಅವನ ಮಾತಿನಲ್ಲಿ ಲೆಕ್ಕವಿತ್ತು. 200ರಲ್ಲಿ ತೆಗೆದ ಚಿತ್ರವನ್ನು 300ರಷ್ಟು ಕತ್ತರಿಸಿದರೆ ಉಳಿಯುವುದು ಒಂಬತ್ತರಲ್ಲಿ ನಾಲ್ಕು ಪಾಲು. 16 ಮೆಗಾಪಿಕ್ಸೆಲ್‌ನಲ್ಲಿ ಏಳರಷ್ಟು. ಎ4 ಹಾಳೆಯಲ್ಲಿ ಮುದ್ರಿಸಲು ಅದು ಸಾಕು. ಅಂಥ ಹಳೆಯ ಲೆನ್ಸ್‌ಗಳಿಗೆ ಫೋಕಸ್ ಮೋಟಾರು ಕ್ಯಾಮರಾ ಬಾಡಿಯಲ್ಲಿರಬೇಕು. ನಿಕಾನ್ ಡಿ40ರಂಥ ಅಗ್ಗದ ಬಾಡಿಗಳಲ್ಲಿ ಅದಿಲ್ಲ, ಡಿ7000ದಲ್ಲಿ ಇದೆ. ಇದಕ್ಕೆ ತದ್ವಿರುದ್ಧ ತೊಡಕೂ ಉಂಟು: ಎಎಫ್-ಪಿ ಎಂದು ಬರೆದಿರುವ ಹೊಸ ಲೆನ್ಸ್‌ಗಳು ಹಲವು ಹಳೆಯ ಬಾಡಿಗಳಲ್ಲಿ ಫೋಕಸ್ಸೇ ಮಾಡುವುದಿಲ್ಲ. ಲೆನ್ಸ್ ಕೊಳ್ಳುವವರು ತಮ್ಮ ಬಾಡಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತುವುದು ಒಳ್ಳೆಯದು.

ಎರಡನೆಯದರ ಪರ ಮಾತಾಡಿದವರು ಚಾಚಾ, ಮಾತಿಗಿಂತ ಹೆಚ್ಚಾಗಿ ತಮ್ಮ ಕೈಯಿಂದ. ಎಪ್ಪತ್ತರ ಕೈ ನಡುಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಫೋಕಲ್ ಲೆಂತಿಗಿಂತ ನಿಧಾನವಿರಬಾರದೆಂಬ ಹಳೆಯ ಸೂತ್ರವಿದೆ. ನಮ್ಮ ಚಿಕ್ಕ ಸೆನ್ಸರನ್ನು ಸೇರಿಸಿದರೆ 300 ಮಿ.ಮೀ.ಗೆ ಸುಮಾರು 500ನೇ ಒಂದು ಸೆಕೆಂಡು ಬೇಕು. ಕೈನಡುಕ ತಡೆಯುವ ಲೆನ್ಸ್ ಇದಕ್ಕಿಂತ ಎಷ್ಟೋ ನಿಧಾನದಲ್ಲೂ ಗೂಡಿನಲ್ಲಿ ಕುಳಿತ ಹಕ್ಕಿಯನ್ನು ಸ್ಪಷ್ಟವಾಗಿ ತೆಗೆಯುತ್ತದೆ. 1995ರಲ್ಲಿ ಕ್ಯಾನನ್ ಒಂದು 75-300 ಲೆನ್ಸಿನಲ್ಲಿ ಈ ಸೌಲಭ್ಯ ತಂದಿತು. ಕ್ಯಾನನ್‌ನಲ್ಲಿ ಇದರ ಹೆಸರು ಐಎಸ್, ನಿಕಾನ್‌ನಲ್ಲಿ ವಿಆರ್, ಸಿಗ್ಮಾದಲ್ಲಿ ಒಎಸ್, ಟ್ಯಾಮ್ರಾನ್‌ನಲ್ಲಿ ವಿಸಿ. ಹೆಸರು ಯಾವುದಾದರೂ ಅದು ತಡೆಯುವುದು ನಮ್ಮ ನಡುಕವನ್ನು ಮಾತ್ರ, ಹಕ್ಕಿಯ ಚಲನೆಯನ್ನಲ್ಲ. ಹಾರುವ ಹಕ್ಕಿಗೆ ಬೆಳಕೇ ಬೇಕು.

ಕೊನೆಗೆ ತೀರ್ಮಾನವಾದದ್ದು ಆರೂ ಜನರ ಕೈಗೆ ಒಗ್ಗುವುದು ಯಾವುದು ಎಂಬ ಆಧಾರದ ಮೇಲೆ. ಲೆನ್ಸ್ ಒಬ್ಬರದಲ್ಲ. ಆಪಾ ಒಯ್ಯಬೇಕು, ಚಾಚಾ ಹಿಡಿಯಬೇಕು, ಒಮ್ಮೊಮ್ಮೆ ಏಳನೇ ತರಗತಿಯ ಮಗುವಿನ ಕೈಗೂ ಕೊಡಬೇಕು. 70-300 ಎಂದಾಯಿತು. ಮಳೆಗಾಲದ ಸಂಜೆ ಆರರ ಹೊತ್ತಿಗೆ ತಮ್ಮನ ವಾದವೇ ಸರಿ ಎಂದು ಈಗಲೂ ಅನ್ನಿಸುತ್ತದೆ, ಅದನ್ನು ಅವನೂ ಹೇಳದೆ ಬಿಡುವುದಿಲ್ಲ.

ಬೆಂಗಳೂರಿನ ಒಂದು ಹಳೆಯ ಸಾಮಾನಿನ ಅಂಗಡಿಗೆ ನಾವು ಟಾರ್ಚು, ಮೆಮೊರಿ ಕಾರ್ಡು, ನಾಲ್ಕು ಹಾಳೆ ಉರ್ದು ಪತ್ರಿಕೆಯೊಂದಿಗೆ ಹೋದೆವು. ಪತ್ರಿಕೆ ಯಾಕೆಂದರೆ, ನಸ್ತಾಲೀಕ್ ಲಿಪಿಯ ನುಕ್ತೆಗಳಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದು ನುಕ್ತೆ ಮೇಲಿದ್ದರೆ ಖುದಾ, ಕೆಳಗಿಳಿದರೆ ಜುದಾ. ಹಾಳೆಗಳನ್ನು ಗೋಡೆಗೆ ಒತ್ತಾಗಿ ಅಂಟಿಸಿ, ಅಂಗಡಿಯ ಇನ್ನೊಂದು ತುದಿಯಿಂದ ಕ್ಯಾಮರಾವನ್ನು ಟ್ರೈಪಾಡಿನ ಮೇಲಿಟ್ಟು, 300 ಮಿ.ಮೀ.ನಲ್ಲಿ ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ, ಎಫ್ 8ರಲ್ಲಿ ಒಂದು ಚಿತ್ರ ತೆಗೆದೆವು. ಟ್ರೈಪಾಡಿನ ಮೇಲಿರುವಾಗ ವಿಆರ್ ಆರಿಸಿರಬೇಕು. ನಡುವಿನ ಹಾಳೆಯಲ್ಲಿ ‘ಪೇ’ಯ ಮೂರು ನುಕ್ತೆ ಬೇರೆ ಬೇರೆಯಾಗಿ ಕಾಣಬೇಕು, ಮೂಲೆಗಳಲ್ಲಿ ಸ್ವಲ್ಪ ಮೆದುವಾದರೂ ನಾಲ್ಕು ಮೂಲೆಗಳೂ ಒಂದೇ ತೆರನಾಗಿರಬೇಕು. ಒಂದು ಮೂಲೆ ಮಾತ್ರ ಕಲಸಿದ್ದರೆ ಒಳಗಿನ ಗಾಜು ಜರುಗಿದೆ ಎಂದು ಅರ್ಥ, ಬಿದ್ದ ಲೆನ್ಸಿನ ಲಕ್ಷಣ ಅದು. ಈ ಮಾದರಿ 300ರ ತುದಿಯಲ್ಲಿ ಪೂರ್ತಿ ತೆರೆದಾಗ ತುಸು ಮೆತ್ತಗೆ, ಎಫ್ 8ಕ್ಕೆ ಇಳಿಸಿದರೆ ಗಟ್ಟಿ. ಅದು ಗೊತ್ತಿದ್ದೇ ಕೊಂಡೆವು.

ಟಾರ್ಚು ಬೂಷ್ಟಿಗಾಗಿ. ಮಲೆನಾಡು, ಕರಾವಳಿಯವರು ಇದನ್ನು ಮರೆಯಬಾರದು. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅದು ತೇವದಲ್ಲಿ ಬೆಳೆಯುವ ಶಿಲೀಂಧ್ರ. ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಒಂದು ಎಳೆ ಬೂಷ್ಟಿದ್ದರೆ ಅರ್ಧ ಬೆಲೆಗೂ ಬೇಡ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆ ಇದೆಯೇ, ಜೂಮ್ ಉಂಗುರ ಎಲ್ಲಿಯಾದರೂ ಕಚ್ಚುತ್ತದೆಯೇ, ಮೌಂಟಿನ ಸ್ಕ್ರೂಗಳ ತಲೆ ಸವೆದಿದೆಯೇ ಎಂದೂ ನೋಡಿದೆವು. ಸವೆದಿದ್ದರೆ ಯಾರೋ ಬಿಚ್ಚಿ ನೋಡಿದ್ದಾರೆ ಎಂದಾಯಿತು. ಚೀಟಿಯ ಗಂಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಯಿತು. ಉಳಿದದ್ದರಲ್ಲಿ ಒಂದು ಗಟ್ಟಿ ಟ್ರೈಪಾಡು, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಬಂದವು. ಚರ್ಮದ ಚೀಲ ಬೇಡವೆಂದೆವು, ಅದು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಬೆಳ್ಳಕ್ಕಿ ಲೆನ್ಸಿನ ಇನ್ನೊಂದು ಗುಣವನ್ನೂ ಪರೀಕ್ಷಿಸುತ್ತದೆ. ಕಪ್ಪು ಮರದ ಮುಂದೆ ಬಿಳಿ ಹಕ್ಕಿ. ಅಗ್ಗದ ಗಾಜಾದರೆ ಆ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಹರಡುತ್ತದೆ, ಬೇರೆ ಬೇರೆ ಬಣ್ಣದ ಬೆಳಕನ್ನು ಗಾಜು ಬೇರೆ ಬೇರೆಯಾಗಿ ಬಾಗಿಸುವುದರಿಂದ. ಇದನ್ನು ತಗ್ಗಿಸುವ ವಿಶೇಷ ಗಾಜಿಗೆ ನಿಕಾನ್ ಇಡಿ ಎಂದೂ ಕ್ಯಾನನ್ ಯುಡಿ ಎಂದೂ ಕರೆಯುತ್ತವೆ. ಉದ್ದದ ಲೆನ್ಸಿನಲ್ಲಿ ಈ ಅಕ್ಷರಗಳಿಗೆ ಬೆಲೆ ಕೊಡಬೇಕು. ‘ಆಸ್ಫೆರಿಕಲ್’ ಎಂಬ ಪದವೂ ಕಾಣಿಸೀತು. ಗೋಳದ ತುಂಡಿನಂತೆ ಉಜ್ಜಿದ ಗಾಜು ಎಲ್ಲ ಕಿರಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ಅದಕ್ಕಾಗಿ ಆಕಾರವನ್ನು ಸ್ವಲ್ಪ ಬದಲಿಸುತ್ತಾರೆ. ಬಾಗ್ದಾದಿನ ಇಬ್ನ್ ಸಹ್ಲ್ 984ರ ಸುಮಾರಿಗೆ ಇದೇ ಪ್ರಶ್ನೆ ಎತ್ತಿಕೊಂಡು, ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡಲು ಗಾಜಿನ ಮೈ ಹೈಪರ್ಬೋಲಾ ಆಕಾರದಲ್ಲಿರಬೇಕೆಂದು ಲೆಕ್ಕ ಹಾಕಿ ತೋರಿಸಿದ್ದ. ಆಪಾ ಇದನ್ನು ಹೇಳಿದಾಗ ಚಾಚಾ ಲೆನ್ಸನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಆ ವರ್ಷ ಬೆಳ್ಳಕ್ಕಿಯ ಗೂಡು ಶಾಲೆಯ ಗೋಡೆಗೆ ಬಂತು. ಮೂರು ಮರಿ, ಬಾಯಿ ತೆರೆದ ತಾಯಿ. ಐದನೇ ತರಗತಿಯ ಹುಡುಗಿಯೊಬ್ಬಳು ಚಿತ್ರದ ಹತ್ತಿರ ಮೂಗಿಟ್ಟು ನೋಡಿ ಮೇಷ್ಟ್ರನ್ನು ಕೇಳಿದಳು: “ಸಾರ್, ನೀವು ಎಷ್ಟು ಹತ್ರ ಹೋಗಿದ್ರಿ?” ಹತ್ತಿರ ಹೋಗಲೇ ಇಲ್ಲ, ನದಿಯ ಈಚೆ ದಡದಲ್ಲೇ ಇದ್ದೆವು ಎಂದು ಮೇಷ್ಟ್ರು ಹೇಳಿದರು. ಹತ್ತಿರ ಹೋದರೆ ತಾಯಿ ಮರಿಗಳನ್ನು ಬಿಟ್ಟು ಹಾರುತ್ತದೆ, ಬರಿದಾದ ಗೂಡಿಗೆ ಕಾಗೆ, ಹದ್ದು ಎರಗುತ್ತವೆ. ಉದ್ದದ ಲೆನ್ಸ್ ಇರುವುದು ಅದಕ್ಕೇ: ನಮ್ಮ ಹತ್ತಿರವೇ ಯಾರಿಗೆ ಕೇಡೋ ಅವರನ್ನು ದೂರದಿಂದ ನೋಡುವುದಕ್ಕೆ.

ಮನುಷ್ಯರ ವಿಷಯದಲ್ಲಿ ಇದು ಹೀಗಿಲ್ಲ ಎಂಬ ಮಾತು ನಮ್ಮ ನಡುವೆ ಬಂದದ್ದು ಆ ಸಲದ ರಂಜಾನ್ ಹಬ್ಬದ ಮರುದಿನ. ಪತ್ರಿಕೆಯಲ್ಲಿ ಈದ್ಗಾದ ಚಿತ್ರ ಬಂದಿತ್ತು. ವರ್ಷವೂ ಬರುವಂಥದ್ದೇ: ಅಂಚಿನಿಂದ ಅಂಚಿಗೆ ಬಿಳಿ ಟೋಪಿಗಳು, ಟೋಪಿಗೆ ಟೋಪಿ ತಾಗಿ, ಒಂದೂ ಮುಖವಿಲ್ಲ. ತಮ್ಮ ನೋಡಿದ ಕೂಡಲೇ, “ಇದು ಮಾಳಿಗೆ ಮೇಲಿಂದ 200ರಲ್ಲಿ ತೆಗೆದದ್ದು” ಎಂದ. ನಾವು ಆ ಸಾಲುಗಳಲ್ಲೇ ಇದ್ದವರು. ಸಾಲಿಗೂ ಸಾಲಿಗೂ ನಾಲ್ಕು ಅಡಿ ಜಾಗವಿತ್ತು, ಮಕ್ಕಳು ನಡುವೆ ಓಡುತ್ತಿದ್ದರು, ಯಾರೋ ಅಜ್ಜನಿಗೆ ಕುರ್ಚಿ ತಂದಿದ್ದರು. ಅದೆಲ್ಲ ಎಲ್ಲಿ ಹೋಯಿತು?

ಆಪಾ ಹಾಳೆಯ ಮೇಲೆ ಲೆಕ್ಕ ಬರೆದರು. ನಾಲ್ಕು ಅಡಿ ದೂರದಲ್ಲಿ ನಿಂತು ನೋಡಿದರೆ ಮುಂದಿನ ಸಾಲು ನಾಲ್ಕು ಅಡಿಯಲ್ಲಿ, ಅದರಾಚೆಯದು ಎಂಟು ಅಡಿಯಲ್ಲಿ. ಎರಡನೆಯ ಸಾಲಿನವರು ಅರ್ಧದಷ್ಟೇ ಕಾಣುತ್ತಾರೆ, ನಡುವಿನ ಜಾಗ ಕಣ್ಣಿಗೆ ಗೊತ್ತಾಗುತ್ತದೆ. ಇನ್ನೂರು ಅಡಿಯಿಂದ ನೋಡಿದರೆ ಒಂದು ಸಾಲು 200ರಲ್ಲಿ, ಇನ್ನೊಂದು 204ರಲ್ಲಿ. ಗಾತ್ರದ ವ್ಯತ್ಯಾಸ ನೂರಕ್ಕೆ ಎರಡು. ಕಣ್ಣಿಗೆ ಆ ಜಾಗವೇ ಇಲ್ಲದಂತಾಗುತ್ತದೆ. ತಪ್ಪು ಲೆನ್ಸಿನದಲ್ಲ, ನಿಂತ ದೂರದ್ದು. ಲೆನ್ಸ್ ಆ ದೂರದ ನೋಟವನ್ನು ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ ಅಷ್ಟೇ. 2020ರ ಏಪ್ರಿಲಿನಲ್ಲಿ, ಕೊರೊನಾ ಕಾಲದಲ್ಲಿ, ಡೆನ್ಮಾರ್ಕಿನ ರಿಟ್ಸಾವ್ ಸ್ಕ್ಯಾನ್‌ಪಿಕ್ಸ್ ಎಂಬ ಚಿತ್ರಸಂಸ್ಥೆಯ ಇಬ್ಬರು ಛಾಯಾಗ್ರಾಹಕರು ಇದನ್ನೇ ತೋರಿಸಿದರು. ಒಂದೇ ಜಾಗದ ಅದೇ ಜನರನ್ನು ಉದ್ದದ ಲೆನ್ಸಿನಲ್ಲೊಮ್ಮೆ, ಅಗಲದ ಲೆನ್ಸಿನಲ್ಲೊಮ್ಮೆ ತೆಗೆದರು. ಒಂದರಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದಂತಿದ್ದರು, ಇನ್ನೊಂದರಲ್ಲಿ ಅಂತರ ಬಿಟ್ಟು ನಿಂತಿದ್ದರು. ಇಬ್ನುಲ್ ಹೈಸಮ್ ಸಾವಿರ ವರ್ಷದ ಹಿಂದೆ ‘ಕಿತಾಬುಲ್ ಮನಾಝಿರ್’ನಲ್ಲಿ ಕಣ್ಣು ತಪ್ಪು ತಿಳಿಯುವ ಕಾರಣಗಳನ್ನು ವಿವರಿಸುವಾಗ ಅವುಗಳಲ್ಲಿ ದೂರವನ್ನೂ ಸೇರಿಸಿದ್ದ.

ತಸ್ವೀರು ಸರಿಯೇ ಎಂಬ ಹಳೆಯ ಚರ್ಚೆ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಈಜಿಪ್ಟಿನ ಶೇಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಫೋಟೊ ಎಂಬುದು ಹೊಸ ಸೃಷ್ಟಿಯಲ್ಲ, ನೆರಳನ್ನು ಹಿಡಿದಿಡುವುದು ಎಂದು ಅದಕ್ಕೆ ಅನುಮತಿ ಕೊಟ್ಟರು. ಅವರನ್ನು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಒಪ್ಪುವ ನಮ್ಮಂಥವರಿಗೆ ಅದರಲ್ಲಿ ಒಂದು ಹೊಣೆಯೂ ಕಾಣುತ್ತದೆ. ಹಿಡಿದಿಡುವುದು ನೆರಳಾದರೆ, ಇಲ್ಲದ ಗುಂಪನ್ನು ಕಟ್ಟದಂತೆ, ಇದ್ದ ಮುಖವನ್ನು ಅಳಿಸದಂತೆ ನೋಡಿಕೊಳ್ಳಬೇಕಾದವರು ಹಿಡಿಯುವವರೇ.

ಮೇಷ್ಟ್ರು ಆ ಪತ್ರಿಕೆಯ ಛಾಯಾಗ್ರಾಹಕರನ್ನು ಹುಡುಕಿ ಮಾತಾಡಿಸಿದರು. ಅವರಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ. “ಒಳಗೆ ಬಂದ್ರೆ ನಮಾಜಿಗೆ ತೊಂದ್ರೆ ಆಗುತ್ತೇನೋ ಅಂತ ಅಂಜಿಕೆ ಸಾರ್. ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ” ಎಂದರು. ಹಕ್ಕಿಗೆ ಹೆದರುವಂತೆ ಮನುಷ್ಯರಿಗೆ ಹೆದರಿ ದೂರ ನಿಂತಿದ್ದರು. ಬಕ್ರೀದಿಗೆ ಮೇಷ್ಟ್ರು ಅವರನ್ನು ಜೊತೆಗೇ ಕರೆದೊಯ್ದು, ಕಮಿಟಿಯವರಿಗೆ ಪರಿಚಯಿಸಿ, ಎಲ್ಲಿ ನಿಂತರೆ ಯಾರ ಮುಂದೆಯೂ ಹಾಯಬೇಕಿಲ್ಲ ಎಂದು ತೋರಿಸಿದರು. ಖುತ್ಬಾ ಮುಗಿದು ಜನ ಆಲಿಂಗಿಸಿಕೊಳ್ಳುವ ಹೊತ್ತಿಗೆ ಅವರು ಚೀಲದಿಂದ ಚಿಕ್ಕ 35 ಮಿ.ಮೀ. ಲೆನ್ಸ್ ತೆಗೆದು ಹಾಕಿಕೊಂಡರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಒಬ್ಬ ಅಜ್ಜ, ಅವನ ಹೆಗಲ ಮೇಲೆ ಮೊಮ್ಮಗಳು, ಎದುರಿಗೆ ಕೈಚಾಚಿದ ಪಕ್ಕದ ಬೀದಿಯ ಗೆಳೆಯ. ಊರಿನಲ್ಲಿ ಅವರ ಹೆಸರು ಹೇಳಿ ಗುರುತಿಸುವವರು ಎಷ್ಟೋ ಜನ ಇದ್ದರು.

ನಮ್ಮ ಲೆನ್ಸ್ ಈಗ ಮೇಷ್ಟ್ರ ಬೀರುವಿನಲ್ಲಿದೆ. ಒಯ್ಯುವವರು ಸಹಿ ಮಾಡಲು ಒಂದು ದಾಖಲೆ ಪುಸ್ತಕ ಇಟ್ಟಿದ್ದೇವೆ. ಮೊದಲ ಪುಟದಲ್ಲಿ ಚಾಚಾ ತಮ್ಮ ಅಂಚೆ ಕಚೇರಿಯ ಅಕ್ಷರದಲ್ಲಿ ನಿಯಮಗಳನ್ನು ಬರೆದಿದ್ದಾರೆ, ಬಲಕ್ಕೆ ಉರ್ದು, ಎಡಕ್ಕೆ ಕನ್ನಡ. ಮಳೆಯಲ್ಲಿ ನೆನೆದರೆ ಒರೆಸಿ ಆರಿಸಿಯೇ ಡಬ್ಬಿಗೆ ಹಾಕಬೇಕು. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಬೇಕು. ಗೂಡಿನ ಹತ್ತಿರ ಹೋಗಬಾರದು. ನಾಲ್ಕನೆಯದು ಮನುಷ್ಯರ ಬಗ್ಗೆ: ಅವರಿಗೆ ಈ ಲೆನ್ಸ್ ಬೇಡ, ಹತ್ತಿರ ಹೋಗಿ ಸಲಾಂ ಹೇಳಿ, ಕೇಳಿ ತೆಗೆಯಿರಿ.